ಟ್ಯಾಂಕಿಗೂ ಬೇಕು ಎಫ್‌ಸಿ

2019ರ ಜೂನ್ 10ರ ಸಂಜೆ ನಾರ್ವೆಯ ಓಸ್ಲೋ ಪಕ್ಕದ ಸಾಂಡ್ವಿಕಾದಲ್ಲಿ ಹೈಡ್ರೋಜನ್ ಬಂಕೊಂದು ಸ್ಫೋಟಿಸಿತು. ಪುಣ್ಯಕ್ಕೆ ಯಾರ ಪ್ರಾಣವೂ ಹೋಗಲಿಲ್ಲ. ಆದರೆ ಹೊಡೆತ ಎಷ್ಟು ಜೋರಾಗಿತ್ತೆಂದರೆ, ಹತ್ತಿರದಲ್ಲಿದ್ದ ಕಾರಿನ ಏರ್‌ಬ್ಯಾಗುಗಳು ತಾವಾಗಿಯೇ ಬಿಚ್ಚಿಕೊಂಡು ಇಬ್ಬರಿಗೆ ಗಾಯವಾಯಿತು. ಕೆಲಕಾಲ ಆ ದೇಶದಲ್ಲಿ ಟೊಯೋಟಾ, ಹ್ಯುಂಡೈ ಎರಡೂ ಹೈಡ್ರೋಜನ್ ಕಾರುಗಳ ಮಾರಾಟ ನಿಲ್ಲಿಸಿದವು. ತನಿಖೆಯಲ್ಲಿ ಕಂಡದ್ದು ಇಷ್ಟೇ: ಹೆಚ್ಚು ಒತ್ತಡದ ಟ್ಯಾಂಕೊಂದರ ಪ್ಲಗ್‌ನಲ್ಲಿ ಒಳಗಿನ ಬೋಲ್ಟುಗಳನ್ನು ಜೋಡಿಸುವಾಗ ಸರಿಯಾಗಿ ಬಿಗಿ ಮಾಡಿರಲಿಲ್ಲ. ಅಲ್ಲಿಂದ ಸೋರಿದ ಅನಿಲಕ್ಕೆ ಬೆಂಕಿ ತಗುಲಿತ್ತು.

ಹೈಡ್ರೋಜನ್ ವಾಹನಗಳ ಬಗ್ಗೆ ನಮ್ಮಲ್ಲಿ ನಡೆಯುವ ಮಾತೆಲ್ಲ ಬೆಲೆ, ಮೈಲೇಜು, ಬಂಕು ಇವುಗಳ ಸುತ್ತಲೇ ಇರುತ್ತದೆ. ಕೊಂಡ ಮೇಲೆ ಅದನ್ನು ಯಾರು ಬಿಚ್ಚುತ್ತಾರೆ, ಯಾವಾಗ ಪರೀಕ್ಷಿಸುತ್ತಾರೆ, ಟ್ಯಾಂಕಿನ ಆಯುಸ್ಸು ಮುಗಿಯಿತೆಂದು ಯಾರು ಹೇಳುತ್ತಾರೆ ಎಂಬ ಪ್ರಶ್ನೆ ಯಾರ ಬಾಯಲ್ಲೂ ಬರುವುದಿಲ್ಲ. ಅದರಲ್ಲೂ ಸ್ಕೂಟರ್, ಬೈಕು, ಆಟೋದಂಥ ಚಿಕ್ಕ ವಾಹನಗಳಿಗೆ ಈ ಪ್ರಶ್ನೆ ಎಲ್ಲಕ್ಕಿಂತ ಮೊದಲು ಬರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ನಮ್ಮ ಬೈಕಿನ ಟೈರಿಗೆ ಮೂವತ್ತು ಪಿಎಸ್‌ಐ ಆಸುಪಾಸು ಗಾಳಿ ಹಿಡಿಸುತ್ತೇವೆ. ಹೈಡ್ರೋಜನ್ ಟ್ಯಾಂಕಿನ 700 ಬಾರ್ ಅಂದರೆ ಅದೇ ಲೆಕ್ಕದಲ್ಲಿ ಹತ್ತು ಸಾವಿರ ಪಿಎಸ್‌ಐ ದಾಟುತ್ತದೆ. ಸಿಎನ್‌ಜಿ ಆಟೋದ ಸಿಲಿಂಡರಿನಲ್ಲಿ ಇರುವುದು ಸುಮಾರು 200 ಬಾರ್. ಒತ್ತಡ ಹಾಗಿರಲಿ, ಈ ಅನಿಲಕ್ಕೆ ವಾಸನೆಯೂ ಇಲ್ಲ. ಅಡುಗೆ ಮನೆಯ ಗ್ಯಾಸ್ ಸೋರಿದರೆ ಮೂಗಿಗೆ ಗೊತ್ತಾಗುವುದು ಅದರಲ್ಲಿ ವಾಸನೆಯ ರಾಸಾಯನಿಕ ಬೆರೆಸಿರುವುದರಿಂದ. ಹೈಡ್ರೋಜನ್ನಿನಿಂದ ವಾಹನಕ್ಕೆ ವಿದ್ಯುತ್ ತಯಾರಿಸುವ ಫ್ಯುಯೆಲ್ ಸೆಲ್‌ಗೆ ಹೋಗುವ ಅನಿಲಕ್ಕೆ ಅದನ್ನು ಬೆರೆಸಿದರೆ ಸೆಲ್ಲೇ ಕೆಡುತ್ತದೆ. ಹೊತ್ತಿಕೊಂಡರೆ ಜ್ವಾಲೆ ಹಗಲಲ್ಲಿ ಕಣ್ಣಿಗೆ ಕಾಣುವುದೇ ಕಷ್ಟ. ಗಾಳಿಯಲ್ಲಿ ಶೇ 4ರಿಂದ ಶೇ 75ರವರೆಗೆ ಎಷ್ಟು ಬೆರೆತರೂ ಹೊತ್ತಬಲ್ಲದು, ಅದಕ್ಕೊಂದು ಚಿಕ್ಕ ಕಿಡಿ ಸಾಕು.

ಹಾಗೆಂದು ಹೆದರಿಸುವುದು ನನ್ನ ಉದ್ದೇಶವಲ್ಲ. ಹೈಡ್ರೋಜನ್ ಗಾಳಿಗಿಂತ ಸುಮಾರು ಹದಿನಾಲ್ಕು ಪಟ್ಟು ಹಗುರ. ಬಯಲಲ್ಲಿ ಸೋರಿದರೆ ಪೆಟ್ರೋಲ್ ಆವಿಯಂತೆ ನೆಲದ ಮೇಲೆ ಹರಡದೆ ಸರ್ರನೆ ಮೇಲಕ್ಕೆ ಹೋಗಿಬಿಡುತ್ತದೆ. ಆದ್ದರಿಂದಲೇ ರಸ್ತೆಗಿಂತ ಗ್ಯಾರೇಜಿನಲ್ಲಿ ಅಪಾಯ ಹೆಚ್ಚು. ತಗಡಿನ ಮಾಡಿನ ಕೆಳಗೆ, ಮೇಲ್ಭಾಗದಲ್ಲಿ ಗಾಳಿಗೆ ದಾರಿಯಿಲ್ಲದ ಕಡೆ, ಪಕ್ಕದಲ್ಲೇ ವೆಲ್ಡಿಂಗ್ ನಡೆಯುತ್ತಿರುವ ನಮ್ಮ ಸಾಮಾನ್ಯ ಗ್ಯಾರೇಜಿನಲ್ಲಿ ಸೋರಿದ ಹೈಡ್ರೋಜನ್ ಸೇರಿಕೊಳ್ಳುವ ಜಾಗ ಆ ಮಾಡಿನ ಅಡಿಯೇ. ಟಿಂಕರಿಂಗ್-ಪೇಂಟಿಂಗ್ ಅಂಗಡಿಯಲ್ಲಿ ಇನ್ನೊಂದು ತೊಡಕಿದೆ. ಟ್ಯಾಂಕಿಗೆ ಒಂದು ಸುರಕ್ಷಾ ವಾಲ್ವ್ ಇರುತ್ತದೆ. ಬೆಂಕಿ ಬಿದ್ದಾಗ ಟ್ಯಾಂಕ್ ಸಿಡಿಯದಿರಲಿ ಎಂದು ಸುಮಾರು 110 ಡಿಗ್ರಿ ಸೆಲ್ಸಿಯಸ್ ಬಿಸಿಗೆ ಅದು ತೆರೆದುಕೊಂಡು ಅನಿಲವನ್ನೆಲ್ಲ ಹೊರಬಿಡುತ್ತದೆ. ಪೇಂಟ್ ಒಣಗಿಸಲು ಹೀಟರ್ ಹಚ್ಚುವವರಿಗೆ ಇದು ಗೊತ್ತಿರಲೇಬೇಕು.

ಟ್ಯಾಂಕಿನ ಮೈಯೂ ಬೇರೆ ಥರದ್ದು. ಇಂದಿನ ಹೈಡ್ರೋಜನ್ ಕಾರುಗಳಲ್ಲಿ ಬಳಸುವುದು ಪ್ಲಾಸ್ಟಿಕ್ ಒಳಪದರದ ಮೇಲೆ ಕಾರ್ಬನ್ ನೂಲನ್ನು ಅಂಟಿನೊಡನೆ ಸುತ್ತಿ ಗಟ್ಟಿಯಾಗಿಸಿದ ಟ್ಯಾಂಕು. ಕಬ್ಬಿಣದ ಸಿಲಿಂಡರಿಗೆ ಪೆಟ್ಟು ಬಿದ್ದರೆ ನೆಗ್ಗುತ್ತದೆ, ಕಣ್ಣಿಗೆ ಕಾಣುತ್ತದೆ. ಈ ನೂಲಿನ ಪದರಗಳು ಒಳಗೊಳಗೇ ಬಿಟ್ಟುಕೊಂಡಿದ್ದರೂ ಹೊರಗೆ ಬರೀ ಒಂದು ಗೀರು ಕಂಡೀತು. ಕಾರು ವರ್ಷಗಟ್ಟಲೆ ಎಲ್ಲೂ ಗುದ್ದದೆ ಓಡಬಹುದು. ಸ್ಕೂಟರ್ ಸ್ಟ್ಯಾಂಡ್ ಜಾರಿಯೋ, ಮಳೆಗಾಲದ ಗುಂಡಿಯಲ್ಲೋ ಒಮ್ಮೆಯಾದರೂ ಅಡ್ಡ ಬೀಳುತ್ತದೆ. ದ್ವಿಚಕ್ರ, ತ್ರಿಚಕ್ರದ ಹೈಡ್ರೋಜನ್ ವಾಹನಗಳಿಗೆಂದೇ ವಿಶ್ವಸಂಸ್ಥೆಯ ಸಾರಿಗೆ ನಿಯಮಗಳಲ್ಲಿ 146ನೇ ಸಂಖ್ಯೆಯದನ್ನು ಪ್ರತ್ಯೇಕವಾಗಿ ಮಾಡಿ 2019ರ ಜನವರಿಯಲ್ಲಿ ಜಾರಿಗೆ ತಂದದ್ದು ಸರಿಯಾದ ಕೆಲಸ.

ಈ ದಾರಿಯಲ್ಲಿ ಹೆಚ್ಚು ದೂರ ನಡೆದಿರುವುದು ಜಪಾನ್. ಸುಜುಕಿ ಕಂಪನಿಯ ಬರ್ಗ್‌ಮನ್ ಫ್ಯುಯೆಲ್ ಸೆಲ್ ಸ್ಕೂಟರಿಗೆ ಯುರೋಪಿನ ಮಾನ್ಯತೆ ಸಿಕ್ಕಿದ್ದು 2011ರಲ್ಲಿ. 2017ರಲ್ಲಿ ಲಂಡನ್ ಪೊಲೀಸರು ಅಂಥ ಏಳು ಸ್ಕೂಟರುಗಳನ್ನು ಪ್ರಯೋಗಕ್ಕೆ ಪಡೆದರು. 2023ರಲ್ಲಿ ಹೋಂಡಾ, ಯಮಾಹಾ, ಸುಜುಕಿ, ಕವಾಸಾಕಿ ನಾಲ್ಕೂ ಸೇರಿ ಚಿಕ್ಕ ವಾಹನಗಳ ಹೈಡ್ರೋಜನ್ ಎಂಜಿನ್ನಿಗಾಗಿ ಒಂದು ಸಂಘವನ್ನೇ ಕಟ್ಟಿಕೊಂಡವು. ಆದರೆ ನಾವು ಜಪಾನಿನಿಂದ ಕಲಿಯಬೇಕಾದದ್ದು ಎಂಜಿನ್ನಿಗಿಂತ ಹೆಚ್ಚಾಗಿ ತಪಾಸಣೆಯ ವಿಚಾರದಲ್ಲಿ.

ಅಲ್ಲಿ ಕಾರುಗಳಿಗೆ ‘ಶಾಕೆನ್’ ಎಂಬ ಕಡ್ಡಾಯ ತಪಾಸಣೆ ಇದೆ. ಹೊಸ ಕಾರಿಗೆ ಮೂರು ವರ್ಷಕ್ಕೆ, ಆಮೇಲೆ ಎರಡು ವರ್ಷಕ್ಕೊಮ್ಮೆ. ಹೈಡ್ರೋಜನ್ ಕಾರು ಬಂದಾಗ ಅದರ ಟ್ಯಾಂಕು ಮಾತ್ರ ಅಧಿಕ ಒತ್ತಡದ ಅನಿಲಗಳ ಸುರಕ್ಷತಾ ಕಾನೂನಿನ ಕೆಳಗೆ ಬಂತು. ಇಲಾಖೆ ಬೇರೆ, ದಿನಾಂಕವೂ ಬೇರೆ: ಟ್ಯಾಂಕಿನ ಮೊದಲ ಮರುತಪಾಸಣೆ 4 ವರ್ಷ 1 ತಿಂಗಳಿಗೆ, ನಂತರ ಎರಡು ವರ್ಷಕ್ಕಿಂತ ತುಸು ಹೆಚ್ಚಿನ ಅವಧಿಗೊಮ್ಮೆ, 15 ವರ್ಷಕ್ಕೆ ಟ್ಯಾಂಕು ನಿವೃತ್ತಿ. ಇಂಧನ ತುಂಬುವ ಮುಚ್ಚಳದ ಹತ್ತಿರ ಒಂದು ಚೀಟಿ ಅಂಟಿಸಿರುತ್ತಿದ್ದರು. ಅದರಲ್ಲಿ ಯಾವ ದಿನದವರೆಗೆ ತುಂಬಬಹುದು ಎಂದು ಬರೆದಿರುತ್ತಿತ್ತು. ಬಂಕಿನವರು ನಳಿಗೆ ಹಚ್ಚುವ ಮೊದಲು ಅದನ್ನು ನೋಡಬೇಕಿತ್ತು. ಅವಧಿ ಮೀರಿದ್ದರೆ ತುಂಬುವಂತಿರಲಿಲ್ಲ. ಚೀಟಿಯ ಉಪಾಯ ಸರಳ, ಗಟ್ಟಿ. ಆದರೆ ಒಂದೇ ಕಾರಿಗೆ ಎರಡು ಕಾನೂನು, ಎರಡು ಸುತ್ತಾಟ ಮಾಲೀಕರಿಗೆ ತಲೆನೋವಾಯಿತು. 2022ರಲ್ಲಿ ಕಾನೂನು ತಿದ್ದಿ, 2023ರ ಡಿಸೆಂಬರ್ 21ರಿಂದ ಶಾಕೆನ್‌ಗೆ ಒಳಪಡುವ ಹೈಡ್ರೋಜನ್ ಕಾರುಗಳ ಟ್ಯಾಂಕನ್ನೂ ವಾಹನ ಕಾನೂನಿನೊಳಗೇ ತಂದರು. ಇನ್ನು 250 ಸಿಸಿವರೆಗಿನ ಬೈಕುಗಳಿಗೆ ಜಪಾನಿನಲ್ಲಿ ಶಾಕೆನ್ ಎಂಬುದೇ ಇಲ್ಲ. ಇಲ್ಲದ ತಪಾಸಣೆಗೆ ಟ್ಯಾಂಕಿನ ತಪಾಸಣೆಯನ್ನು ಜೋಡಿಸುವುದಾದರೂ ಹೇಗೆ?

ನಮ್ಮಲ್ಲಿ ಈ ತೊಡಕು ಇನ್ನೂ ದೊಡ್ಡದು. ವಾಹನ ಸಾರಿಗೆ ಸಚಿವಾಲಯದ ಕೈಯಲ್ಲಿದೆ. ಸಿಲಿಂಡರು ನಾಗಪುರದಲ್ಲಿ ಮುಖ್ಯ ಕಚೇರಿಯಿರುವ ಸ್ಫೋಟಕ ಸುರಕ್ಷತಾ ಸಂಸ್ಥೆ ‘ಪೆಸೊ’ ಕೈಯಲ್ಲಿದೆ, ಅದು ವಾಣಿಜ್ಯ ಮತ್ತು ಕೈಗಾರಿಕಾ ಸಚಿವಾಲಯಕ್ಕೆ ಸೇರಿದ್ದು. ಜಪಾನ್ ಬಿಟ್ಟುಬಂದ ಎರಡು ಬಾಗಿಲಿನ ಮುಂದೆಯೇ ನಾವಿದ್ದೇವೆ. ಫ್ಯುಯೆಲ್ ಸೆಲ್ ವಾಹನಗಳಿಗೆ ಎಐಎಸ್-157 ಮಾನದಂಡವನ್ನು ಕೇಂದ್ರ 2020ರ ಸೆಪ್ಟೆಂಬರಿನಲ್ಲಿ ಅಧಿಸೂಚಿಸಿತು. ಅದು ಕಾರು, ಬಸ್ಸು, ಲಾರಿಗಳ ವರ್ಗಕ್ಕೆ. ನಮ್ಮ ಬಿಡದಿಯ ಟೊಯೋಟಾ ಕಿರ್ಲೋಸ್ಕರ್ 2022ರ ಮಾರ್ಚ್‌ನಲ್ಲಿ ಮಿರಾಯ್ ಕಾರಿನ ಪ್ರಯೋಗ ಆರಂಭಿಸಿತು, ಸಚಿವ ನಿತಿನ್ ಗಡ್ಕರಿ ಅದೇ ಕಾರಿನಲ್ಲಿ ಸಂಸತ್ತಿಗೆ ಹೋದರು. ಅಂಥ ಕಾರನ್ನು ನೋಡಿಕೊಳ್ಳಲು ಕಂಪನಿಯ ಎಂಜಿನಿಯರುಗಳಿದ್ದಾರೆ. ಬೀದಿಯ ಸ್ಕೂಟರಿಗೆ ಯಾರಿದ್ದಾರೆ?

ಆಟೋ ಆದರೆ ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ, ಅಂದರೆ ಫಿಟ್‌ನೆಸ್ ಸರ್ಟಿಫಿಕೇಟ್, ಮಾಡಿಸಲೇಬೇಕು. ಬ್ರೇಕ್ ಇನ್‌ಸ್ಪೆಕ್ಟರ್ ಮುಂದೆ ಗಾಡಿ ನಿಲ್ಲುತ್ತದೆ. ಸ್ವಂತ ಬಳಕೆಯ ಬೈಕಿಗೆ ಅದಿಲ್ಲ. ನೋಂದಣಿ 15 ವರ್ಷಕ್ಕೆ ಆಗಿಬಿಟ್ಟರೆ, ಅಷ್ಟು ಕಾಲ ಎಮಿಷನ್ ಟೆಸ್ಟ್ ಬಿಟ್ಟು ಬೇರೆ ತಪಾಸಣೆಯೇ ಇಲ್ಲ. ಆರ್‌ಟಿಓ ಕಚೇರಿ ಅದನ್ನು ಮತ್ತೆ ಕಣ್ಣಾರೆ ನೋಡುವುದು ನೋಂದಣಿ ನವೀಕರಣಕ್ಕೆ ಬಂದಾಗ, ಅಂದರೆ 15 ವರ್ಷ ತುಂಬಿದ ಮೇಲೆ. ಜಪಾನಿನ ಲೆಕ್ಕ ಹಿಡಿದರೆ ಹೈಡ್ರೋಜನ್ ಟ್ಯಾಂಕನ್ನು ಕಿತ್ತೆಸೆಯಬೇಕಾದ ವಯಸ್ಸೂ ಅದೇ! ಅಷ್ಟರಲ್ಲಿ ಆ ಬೈಕು ಎಷ್ಟು ಕೈ ಬದಲಾಗಿರುತ್ತದೋ, ಎಷ್ಟು ಸಲ ಬಿದ್ದಿರುತ್ತದೋ. ಇನ್ನು ಹೈಡ್ರೋಜನ್ ಫ್ಯುಯೆಲ್ ಸೆಲ್ ಹೊಗೆಯನ್ನೇ ಉಗುಳುವುದಿಲ್ಲ, ಬರುವುದು ನೀರು ಮಾತ್ರ. ಉಳಿದಿದ್ದ ಆ ಒಂದು ಎಮಿಷನ್ ಟೆಸ್ಟಿಗೂ ಅದರಲ್ಲಿ ಕೆಲಸವಿಲ್ಲ.

ಆದ್ದರಿಂದ ಚಿಕ್ಕ ಹೈಡ್ರೋಜನ್ ವಾಹನಕ್ಕೆ ಟ್ಯಾಂಕಿನದ್ದೇ ಆದ ಎಫ್‌ಸಿ ಬೇಕು, ಅದು ಗಾಡಿಯ ಆರ್‌ಸಿಯಲ್ಲೇ ದಾಖಲಾಗಬೇಕು. ಗಾಡಿ ಬಿದ್ದ ಮೇಲೆ, ಮಾಲೀಕ ಬದಲಾದ ಮೇಲೆ ಟ್ಯಾಂಕಿನ ಕವಚ ತೆಗೆದು ಮೈ ನೋಡುವುದು ಕಡ್ಡಾಯವಾಗಬೇಕು. ಬಂಕಿನವನಿಗೆ ತುಂಬುವುದಿಲ್ಲ ಎನ್ನುವ ಅಧಿಕಾರ ಇರಬೇಕು, ಹಾಗೆ ಹೇಳಿದ್ದಕ್ಕೆ ಅವನ ಮೇಲೆ ಯಾರೂ ಕೈ ಮಾಡದಂತೆ ರಕ್ಷಣೆಯೂ ಇರಬೇಕು. ಹೆಚ್ಚು ಒತ್ತಡದ ಪೈಪಿಗೆ ಪಾನಾ ಹಾಕುವ ಮೆಕ್ಯಾನಿಕ್‌ಗೆ ಅನಿಲ ಹೊರಬಿಟ್ಟು ಒತ್ತಡ ಇಳಿಸುವುದು, ಟಾರ್ಕ್ ರೆಂಚ್‌ನಲ್ಲಿ ಹೇಳಿದಷ್ಟೇ ಬಿಗಿ ಮಾಡುವುದು, ಆಮೇಲೆ ಸೋರಿಕೆ ಪತ್ತೆಯ ಉಪಕರಣ ಹಿಡಿದು ಒಂದೊಂದು ಸಂದನ್ನೂ ನೋಡುವುದು, ಇವುಗಳ ತರಬೇತಿಯನ್ನು ಐಟಿಐ ಮಟ್ಟದಲ್ಲೇ ಕೊಡಬೇಕು.

ಹೈಡ್ರೋಜನ್ ಸ್ಕೂಟರ್ ಬರಲಿ, ಆಮೇಲೆ ನೋಡೋಣ ಎನ್ನುವವರು ಬಜಾಜ್ ಫ್ರೀಡಂ ಬೈಕನ್ನು ಗಮನಿಸಲಿ. 2024ರ ಜುಲೈನಲ್ಲಿ ಬಂದ ಆ ಬೈಕಿನ ಸೀಟಿನಡಿ ಎರಡು ಕಿಲೋ ಸಿಎನ್‌ಜಿ ಹಿಡಿಯುವ ಸಿಲಿಂಡರು ಕೂತಿದೆ. ಸಿಎನ್‌ಜಿ ಸಿಲಿಂಡರನ್ನು ಮೂರು ವರ್ಷಕ್ಕೊಮ್ಮೆ ಪರೀಕ್ಷಿಸಬೇಕೆಂದು ನಮ್ಮ ನಿಯಮ ಹೇಳುತ್ತದೆ. ಮೊದಲು ಮಾರಾಟವಾದ ಬೈಕುಗಳಿಗೆ ಆ ಗಡುವು 2027ರಲ್ಲಿ ಬರುತ್ತದೆ. ಎಫ್‌ಸಿಯೇ ಇಲ್ಲದ ದ್ವಿಚಕ್ರ ವಾಹನದ ಸಿಲಿಂಡರನ್ನು ಪರೀಕ್ಷೆಗೆ ತರಿಸುವ ವ್ಯವಸ್ಥೆಯನ್ನು ಸಾರಿಗೆ ಇಲಾಖೆ ಮತ್ತು ಪೆಸೊ ಈಗಲೇ ಒಟ್ಟಿಗೆ ಕೂತು ರೂಪಿಸಿದರೆ, ಹೈಡ್ರೋಜನ್ ಗಾಡಿಗೆ ಬೇಕಾದ ನಿಯಮದ ಅರ್ಧ ಭಾಗ ಅದರಲ್ಲೇ ಸಿದ್ಧವಾಗುತ್ತದೆ.