ಕೊಲೆಗಾರನ ಕೈಗವಸು ಕಪ್ಪಾಗಿಯೇ ಇರಬೇಕು

ಇಟಲಿಯ ‘ಜಾಲ್ಲೋ’ ಚಿತ್ರಗಳಲ್ಲಿ ಕೊಲೆಗಾರನ ಮುಖ ಸಾಮಾನ್ಯವಾಗಿ ಕೊನೆಯ ರೀಲಿನವರೆಗೂ ಕಾಣುವುದಿಲ್ಲ. ಕಾಣುವುದೆಲ್ಲ ಕಪ್ಪು ಚರ್ಮದ ಕೈಗವಸು, ಮಿಂಚುವ ಕತ್ತಿ, ಅರ್ಧ ತೆರೆದ ಬಾಗಿಲಿನ ಹಿಂದಿನ ಕತ್ತಲು. ಮೊಂಡಡೋರಿ ಪ್ರಕಾಶನ 1929ರಿಂದ ಹಳದಿ ರಕ್ಷಾಪುಟದಲ್ಲಿ ಮಾರಿದ ಪತ್ತೇದಾರಿ ಪುಸ್ತಕಗಳಿಂದ ಈ ಪ್ರಕಾರಕ್ಕೆ ಹೆಸರು ಬಂತು. 1963–64ರಲ್ಲಿ ಮಾರಿಯೋ ಬಾವಾ ಅದಕ್ಕೆ ಸಿನಿಮಾದ ರೂಪ ಕೊಟ್ಟರು. 1970ರಲ್ಲಿ ದಾರಿಯೋ ಅರ್ಜೆಂಟೋ ಅವರ ಮೊದಲ ಚಿತ್ರ ಗೆದ್ದದ್ದೇ ತಡ, ಇಟಲಿಯ ನಿರ್ಮಾಪಕರು ಸಾಲುಗಟ್ಟಿ ಅಂಥವನ್ನೇ ತೆಗೆದರು. ಆ ನೆರೆಯಲ್ಲಿ ಬಂದು ಮರೆಯಾದವುಗಳಲ್ಲಿ ಒಂದು, 1971ರ ‘ದ ಫಿಫ್ತ್ ಕಾರ್ಡ್’. ನಿರ್ದೇಶಕರು ಲುಯಿಜಿ ಬಝೋನಿ, ನಾಯಕ ಫ್ರಾಂಕೊ ನೀರೊ, ಸಂಗೀತ ಎನ್ನಿಯೊ ಮೊರಿಕೋನೆ ಅವರದು. ಕತೆಯಲ್ಲಿ ಅಂಥ ಹೆಚ್ಚುಗಾರಿಕೆಯೇನಿಲ್ಲ. ಆದರೆ ಕ್ಯಾಮೆರಾ ಹಿಂದೆ ಇದ್ದವರು ವಿತ್ತೋರಿಯೊ ಸ್ತೊರಾರೊ, ಮುಂದೆ ‘ಅಪೋಕಲಿಪ್ಸ್ ನೌ’ಗಾಗಿ ಆಸ್ಕರ್ ಪಡೆದ ಛಾಯಾಗ್ರಾಹಕರು. ಈ ಚಿತ್ರದ ಜೀವ ಇರುವುದೇ ಅವರ ನೆರಳುಗಳಲ್ಲಿ. ನೆರಳು ಕೆಟ್ಟರೆ ನೋಡಲು ಉಳಿಯುವುದು ಅಷ್ಟಕ್ಕಷ್ಟೆ.

ನೆರಳು ಕೆಡುವುದಾದರೂ ಹೇಗೆ? ಬಣ್ಣದ ಫಿಲ್ಮ್‌ನಲ್ಲಿ ಕಪ್ಪು ಎಂಬ ಪ್ರತ್ಯೇಕ ಬಣ್ಣ ಇರುವುದಿಲ್ಲ. ಹಳದಿ, ಮಜೆಂಟಾ, ಸಯಾನ್ ಎಂಬ ಮೂರು ವರ್ಣದ್ರವ್ಯಗಳ ಪದರಗಳು ಒಂದರ ಮೇಲೊಂದು ಕೂತು ಬೆಳಕನ್ನೆಲ್ಲ ತಡೆದಾಗ ನಮಗೆ ಕಪ್ಪು ಕಾಣುತ್ತದೆ. 1970ರ ದಶಕದಲ್ಲಿ ಚಿತ್ರಮಂದಿರಗಳಿಗೆ ಹೋದ ಹೆಚ್ಚಿನ ಪ್ರಿಂಟ್‌ಗಳಲ್ಲಿ ಸಯಾನ್ ತೀರ ದುರ್ಬಲ. ಡಬ್ಬಿಯ ಕತ್ತಲಲ್ಲಿ ಮುಚ್ಚಿಟ್ಟರೂ ಸೆಕೆಯಿಂದಲೇ ಅದು ಮಾಸುತ್ತದೆ. ಆಗ ಕೆಂಪು ಬೆಳಕನ್ನು ತಡೆಯುವವರೇ ಇಲ್ಲವಾಗಿ ಇಡೀ ಚಿತ್ರ ಕೆಂಪಡರುತ್ತದೆ, ಕಪ್ಪು ಕೈಗವಸು ಬೀಟ್‌ರೂಟ್ ಬಣ್ಣಕ್ಕೆ ತಿರುಗುತ್ತದೆ. ಇಂಥ ಎಷ್ಟೋ ಚಿತ್ರಗಳು ಮುಂದೆ ವಿಎಚ್‌ಎಸ್ ಕ್ಯಾಸೆಟ್‌ಗೆ ಇಳಿದದ್ದು ಸವೆದ ಪ್ರಿಂಟ್‌ಗಳಿಂದಲೇ. ಅಲ್ಲಿ ಉಳಿದಿದ್ದ ಚೂರುಪಾರು ವಿವರವೂ ಹೋಯಿತು.

ಬಣ್ಣದ ಕೆಳಗಿರುವ ಪಾರದರ್ಶಕ ಹಾಳೆಗೂ ತನ್ನದೇ ಕಾಯಿಲೆ. ಅದು ಸೆಲ್ಯುಲೋಸ್ ಟ್ರೈಅಸಿಟೇಟ್. ಬಿಸಿ ಮತ್ತು ತೇವಕ್ಕೆ ಅದು ಒಡೆದು ಅಸಿಟಿಕ್ ಆಮ್ಲ ಬಿಡುತ್ತದೆ. ಆ ಆಮ್ಲವೇ ಒಡೆಯುವ ಕ್ರಿಯೆಯನ್ನು ಇನ್ನಷ್ಟು ಚುರುಕಾಗಿಸುತ್ತದೆ. ಡಬ್ಬಿ ತೆರೆದೊಡನೆ ವಿನೆಗರ್ ವಾಸನೆ ಬಂದರೆ ಪ್ರಯೋಗಾಲಯದವರ ಮುಖ ಬಾಡುವುದು ಇದಕ್ಕೇ. ಅಮೆರಿಕದ ರಾಚೆಸ್ಟರ್‌ನ ಇಮೇಜ್ ಪರ್ಮನೆನ್ಸ್ ಇನ್‌ಸ್ಟಿಟ್ಯೂಟ್ ಲೆಕ್ಕದಲ್ಲಿ, 21 ಡಿಗ್ರಿ ಸೆಲ್ಸಿಯಸ್ ಮತ್ತು ಶೇ 50ರ ಆರ್ದ್ರತೆಯಲ್ಲಿ ಹೊಸ ಫಿಲ್ಮ್‌ಗೆ ಈ ಕಾಯಿಲೆ ಅಂಟಲು ಸುಮಾರು 40 ವರ್ಷ ಬೇಕು. ತಣ್ಣಗಿಟ್ಟರೆ ಈ ಅವಧಿ ಹಲವು ಪಟ್ಟು ಹಿಗ್ಗುತ್ತದೆ.

ಹೆಸರು ಮಾಡದಿರುವುದು ಇಲ್ಲಿ ಕೆಲವೊಮ್ಮೆ ವರವಾಗುತ್ತದೆ. ಜನಪ್ರಿಯ ಚಿತ್ರದ ಮೂಲ ನೆಗೆಟಿವ್ ಮತ್ತೆ ಮತ್ತೆ ಪ್ರಿಂಟ್ ತೆಗೆದು ತೆಗೆದು ಗೀರು ಬಿದ್ದು ಹರಿದಿರುತ್ತದೆ. ಯಾರೂ ಕೇಳದ ಚಿತ್ರದ ನೆಗೆಟಿವ್, ಯಾರೂ ಎಸೆಯದಿದ್ದ ಪಕ್ಷದಲ್ಲಿ, ತನ್ನ ಪಾಡಿಗೆ ಮಲಗಿರುತ್ತದೆ. ‘ದ ಫಿಫ್ತ್ ಕಾರ್ಡ್’ ಅನ್ನು ಬ್ರಿಟನ್ನಿನ ಆ್ಯರೋ ವಿಡಿಯೊ 2019ರಲ್ಲಿ ಬ್ಲೂ-ರೇಗೆ ತಂದಾಗ 2ಕೆ ರೆಸ್ಟೊರೇಷನ್ ನಡೆದದ್ದು ಕ್ಯಾಮೆರಾದೊಳಗೆ ಓಡಿದ್ದ ಆ ಮೂಲ ನೆಗೆಟಿವ್‌ನಿಂದಲೇ. ನೆಗೆಟಿವ್‌ನ ಕಾಂಟ್ರಾಸ್ಟ್ ಕಡಿಮೆ. ಹಾಗಾಗಿ ಪ್ರಿಂಟ್‌ನಲ್ಲಿ ಒಂದೇ ಕಪ್ಪಾಗಿ ಮುದ್ದೆಗಟ್ಟಿದ ಮೂಲೆಯಲ್ಲೂ ಅದರಲ್ಲಿ ಗೋಡೆ, ಪರದೆ, ನಿಂತ ಆಕೃತಿ ಬೇರೆಬೇರೆಯಾಗಿ ದಾಖಲಾಗಿರುತ್ತವೆ. ವರ್ಣದ್ರವ್ಯ ಒಂದಿಷ್ಟು ಮಾಸಿದ್ದರೂ ಕೆಂಪು, ಹಸಿರು, ನೀಲಿ ಬೆಳಕಿನಲ್ಲಿ ಬೇರೆಬೇರೆಯಾಗಿ ಸ್ಕ್ಯಾನ್ ಮಾಡಿ, ಕುಗ್ಗಿದ ಪದರವನ್ನು ಮಾತ್ರ ಕಂಪ್ಯೂಟರಿನಲ್ಲಿ ಎತ್ತಿಕೊಳ್ಳಬಹುದು.

ಇನ್ನು ಕೊಳೆ, ಗೀರುಗಳ ಮಾತು. ಭೌತವಿಜ್ಞಾನದ ಎರಡು ಸೊಗಸಾದ ಉಪಾಯಗಳಿವೆ. ಒಂದು, ಫಿಲ್ಮನ್ನು ದ್ರವದಲ್ಲಿ ಅದ್ದಿ ಸ್ಕ್ಯಾನ್ ಮಾಡುವುದು. ಗೀರು ಕಾಣುವುದು ಅಲ್ಲಿ ಬೆಳಕು ಬಾಗಿ ಚದುರುವುದರಿಂದ. ಫಿಲ್ಮ್‌ನಷ್ಟೇ ವಕ್ರೀಭವನ ಸೂಚ್ಯಂಕವಿರುವ, ಅಂದರೆ ಬೆಳಕನ್ನು ಅಷ್ಟೇ ಬಾಗಿಸುವ ಪರ್‌ಕ್ಲೋರೋಎಥಿಲೀನ್‌ನಂಥ ದ್ರವ ಆ ಗೀರನ್ನು ತುಂಬಿಕೊಂಡರೆ ಬೆಳಕಿಗೆ ಗೀರು ಇರುವುದೇ ತಿಳಿಯದು. ಮಂಜುಗಾಜಿನ ಮೇಲೆ ನೀರು ಚಿಮುಕಿಸಿದಾಗ ಆಚೆಯ ಕಡೆ ಕಾಣುತ್ತದಲ್ಲ, ಹಾಗೆ. ಆದರೆ ಹಾಳೆಯ ಹೊರಮೈಯ ಗೀರಿಗೆ ಮಾತ್ರ ಈ ಮದ್ದು ನಾಟುತ್ತದೆ; ಬಣ್ಣದ ಪದರವೇ ಕಿತ್ತುಹೋಗಿದ್ದರೆ ಇಲ್ಲ.

ಎರಡನೆಯದು ಅವಗೆಂಪು ಕಿರಣ. ಬಣ್ಣದ ಫಿಲ್ಮ್‌ನ ಮೂರೂ ವರ್ಣದ್ರವ್ಯಗಳು ಅವಗೆಂಪು ಬೆಳಕನ್ನು ತಡೆಯದೆ ಬಿಟ್ಟುಕೊಡುತ್ತವೆ. ಧೂಳಿನ ಕಣ ಬಿಡುವುದಿಲ್ಲ. ಅಂದರೆ ಅವಗೆಂಪಿನಲ್ಲಿ ತೆಗೆದ ಚಿತ್ರದಲ್ಲಿ ನಾಯಕ, ನಾಯಕಿ, ರೋಮ್ ನಗರ ಎಲ್ಲ ಮಾಯವಾಗಿ ಕೊಳೆಯಷ್ಟೇ ಉಳಿಯುತ್ತದೆ! ಆ ನಕ್ಷೆ ಹಿಡಿದು, ಕೊಳೆ ಇದ್ದ ಜಾಗಕ್ಕೆ ಹಿಂದಿನ ಅಥವಾ ಮುಂದಿನ ಫ್ರೇಮ್‌ನಿಂದ ತುಣುಕು ತಂದು ತುಂಬಬಹುದು. ನಕ್ಷೆ ಇಲ್ಲದೆ ಬರೀ ಸಾಫ್ಟ್‌ವೇರ್ ನಂಬಿದರೆ ಅಪಾಯ: ಒಂದೇ ಫ್ರೇಮ್‌ನಲ್ಲಿ ಹೊಳೆದು ಮರೆಯಾಗುವ ಕತ್ತಿಯ ಅಲಗನ್ನೂ ಅದು ಕೊಳೆಯೆಂದು ಒರೆಸಿಬಿಟ್ಟೀತು.

ಕಪ್ಪು-ಬಿಳುಪು ಚಿತ್ರಗಳಿಗೆ ಈ ಅನುಕೂಲವಿಲ್ಲ. ಅಲ್ಲಿ ಚಿತ್ರವನ್ನು ಹೊತ್ತಿರುವುದು ಬೆಳ್ಳಿಯ ಕಣಗಳು. ಬೆಳ್ಳಿ ಅವಗೆಂಪನ್ನೂ ತಡೆಯುವುದರಿಂದ ಧೂಳಿಗೂ ಚಿತ್ರಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ಗಿರೀಶ ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’ ಇಟಲಿಯದೇ ಬೊಲೊನ್ಯಾ ನಗರದ ಲಿಮಾಜಿನೆ ರಿತ್ರೊವಾತಾ ಪ್ರಯೋಗಾಲಯದಲ್ಲಿ ಹೊಸ ಜೀವ ಪಡೆದು 2024ರಲ್ಲಿ ವೆನಿಸ್ ಉತ್ಸವದಲ್ಲಿ ತೆರೆ ಕಂಡಿತು. ಕಪ್ಪು-ಬಿಳುಪಿನ ಅಂಥ ಚಿತ್ರವೆಂದರೆ ಮನುಷ್ಯರ ಕಣ್ಣಿಗೇ ಕೆಲಸ ಹೆಚ್ಚು.

ಬಣ್ಣದ ವಿಷಯಕ್ಕೆ ಬಂದರೆ ಮಾತ್ರ ಯಾವ ಕಿರಣವೂ ತೀರ್ಪು ಕೊಡದು. ‘ದ ಫಿಫ್ತ್ ಕಾರ್ಡ್’ನ ಒಂದು ಕೋಣೆ 1971ರಲ್ಲಿ ಎಷ್ಟು ನೀಲಿಯಾಗಿತ್ತು? ವರ್ಣದ್ರವ್ಯವನ್ನು ಅಚ್ಚೊತ್ತುವ ಟೆಕ್ನಿಕಲರ್ ವಿಧಾನದ ಹಳೆಯ ಪ್ರಿಂಟ್ ಸಿಕ್ಕರೆ ಪುಣ್ಯ, ಅದರ ಬಣ್ಣ ಅಷ್ಟಾಗಿ ಮಾಸುವುದಿಲ್ಲ. ಇಲ್ಲವಾದರೆ ಛಾಯಾಗ್ರಾಹಕರನ್ನೇ ಕೇಳಬೇಕು, ಅದೂ ಯಾವಾಗಲೂ ಸಲೀಸಲ್ಲ. ಅರ್ಜೆಂಟೋ ಅವರ ಆ ಮೊದಲ ಚಿತ್ರ ‘ದ ಬರ್ಡ್ ವಿತ್ ದ ಕ್ರಿಸ್ಟಲ್ ಪ್ಲೂಮೇಜ್’ನ ಛಾಯಾಗ್ರಹಣವೂ ಸ್ತೊರಾರೊ ಅವರದೇ. ಎತ್ತರಕ್ಕಿಂತ ಅಗಲ 2.35 ಪಟ್ಟು ಇದ್ದ ಚಿತ್ರ ಅದು. ಎಲ್ಲ ಚಿತ್ರಗಳೂ 2ಕ್ಕೆ 1ರ ಪ್ರಮಾಣದಲ್ಲಿರಬೇಕು ಎಂಬ ವಾದ ಅವರಲ್ಲಿ ಆಮೇಲೆ ಬಲಿಯಿತು. 2011ರ ಬ್ಲೂ-ರೇಯಲ್ಲಿ ಚಿತ್ರದ ಅಂಚುಗಳು ಅದರಂತೆಯೇ ಕತ್ತರಿಸಿಹೋದವು. ಮುಂದಿನ ಆವೃತ್ತಿಯಲ್ಲಿ ಹಳೆಯ ಅಗಲ ಮರಳಿತು. ಮರಳಿದ್ದೇ ಸರಿ ಎನ್ನುತ್ತೇನೆ. ಎಪ್ಪತ್ತರ ಸ್ತೊರಾರೊ ಇಟ್ಟ ಚೌಕಟ್ಟನ್ನು ಬದಲಿಸುವ ಹಕ್ಕು ನಂತರದ ಸ್ತೊರಾರೊಗೂ ಇಲ್ಲ.

ಹಾಗೆಯೇ ಪರದೆಯ ಮೇಲೆ ಸದಾ ಮಿಡುಕುವ ಮರಳಿನಂಥ ಗ್ರೇನ್. ಅದು ಕೊಳೆಯಲ್ಲ, ಚಿತ್ರ ಮೂಡಿರುವುದೇ ಆ ಕಣಗಳಿಂದ. ಅದನ್ನು ಸಾಫ್ಟ್‌ವೇರ್‌ನಿಂದ ಉಜ್ಜಿ ತೆಗೆದರೆ ಚರ್ಮದ ರಂಧ್ರ, ಬಟ್ಟೆಯ ನೇಯ್ಗೆಯೂ ಜೊತೆಗೇ ಹೋಗಿ ನಟರು ಮೇಣದ ಬೊಂಬೆಗಳಾಗುತ್ತಾರೆ. ಉಳಿಸಿಕೊಂಡರೆ ಇನ್ನೊಂದು ತಲೆನೋವು. 4ಕೆಯಲ್ಲಿ ಸ್ಕ್ಯಾನ್ ಮಾಡಿದ ಒಂದೊಂದು ಫ್ರೇಮ್ ಸುಮಾರು 50 ಮೆಗಾಬೈಟ್. ಒಂದೂವರೆ ಗಂಟೆಯ ಚಿತ್ರದಲ್ಲಿ 1,29,600 ಫ್ರೇಮ್‌ಗಳು. ಒಟ್ಟು ಆರು ಟೆರಾಬೈಟಿಗೂ ಮಿಕ್ಕು. ಇದನ್ನು 50 ಗಿಗಾಬೈಟ್‌ನ ಬ್ಲೂ-ರೇ ಡಿಸ್ಕ್‌ನೊಳಗೆ ತುರುಕಬೇಕು. ವಿಡಿಯೊ ಹಿಂಡುವ ತಂತ್ರ ಹಿಂದಿನ ಫ್ರೇಮ್‌ನಲ್ಲಿ ಇದ್ದದ್ದನ್ನೇ ಮುಂದೂ ಬಳಸಿಕೊಂಡು ಜಾಗ ಉಳಿಸುತ್ತದೆ. ಗ್ರೇನ್ ಒಂದು ಫ್ರೇಮ್‌ನಲ್ಲಿ ಇದ್ದಂತೆ ಇನ್ನೊಂದರಲ್ಲಿ ಇರುವುದೇ ಇಲ್ಲ. ಜಿಪುಣತನದಿಂದ ಹಿಂಡಿದ ಡಿಸ್ಕ್‌ನಲ್ಲಿ ಕತ್ತಲ ದೃಶ್ಯಗಳು ಚೌಕಚೌಕವಾಗಿ ಒಡೆಯುವುದು ಇದರಿಂದ.

ಶಬ್ದದ ಕತೆ ಬೇರೆಯೇ. ಈ ಚಿತ್ರಗಳಿಗೆ ಮಾತು ಸೇರುತ್ತಿದ್ದದ್ದು ಹೆಚ್ಚಾಗಿ ಡಬ್ಬಿಂಗ್ ಕೋಣೆಯಲ್ಲಿ. ಅರ್ಜೆಂಟೋ ಅವರ ‘ಡೀಪ್ ರೆಡ್’ ಹೊರದೇಶಕ್ಕೆ ಹೋಗುವಾಗ ಇಪ್ಪತ್ತು ನಿಮಿಷದಷ್ಟು ಕತ್ತರಿ ಕಂಡಿತ್ತು. ಆ ಭಾಗಗಳಿಗೆ ಇಂಗ್ಲಿಷ್ ಧ್ವನಿಯೇ ಇಲ್ಲ. ಪೂರ್ಣ ಆವೃತ್ತಿಯನ್ನು ಇಂಗ್ಲಿಷಿನಲ್ಲಿ ನೋಡುತ್ತಿದ್ದರೆ ಪಾತ್ರಗಳು ನಡುವೆ ಇದ್ದಕ್ಕಿದ್ದಂತೆ ಇಟಾಲಿಯನ್ ಮಾತನಾಡತೊಡಗುತ್ತವೆ.

ಇಷ್ಟೆಲ್ಲ ಆಗಿ ಡಿಸ್ಕ್ ಮನೆಗೆ ಬಂದ ಮೇಲೆ ಟಿವಿ ತನ್ನ ಕೈಚಳಕ ತೋರಿಸುತ್ತದೆ. ಕಾರ್ಖಾನೆಯಿಂದ ಬರುವಾಗಲೇ ಹಲವು ಸೆಟ್‌ಗಳಲ್ಲಿ ‘ನಾಯ್ಸ್ ರಿಡಕ್ಷನ್’ ಚಾಲೂ ಇರುತ್ತದೆ, ಅದು ಗ್ರೇನನ್ನು ಮತ್ತೆ ಉಜ್ಜುತ್ತದೆ. ‘ಮೋಷನ್ ಸ್ಮೂದಿಂಗ್’ ಇಲ್ಲದ ಫ್ರೇಮ್‌ಗಳನ್ನು ತಾನೇ ಹುಟ್ಟಿಸಿ ಸಿನಿಮಾವನ್ನು ಧಾರಾವಾಹಿಯಂತೆ ಕಾಣಿಸುತ್ತದೆ. ಇವೆರಡನ್ನೂ ಆಫ್ ಮಾಡಿ. ‘ಫಿಲ್ಮ್‌ಮೇಕರ್ ಮೋಡ್’ ಎಂಬ ಆಯ್ಕೆ ಇದ್ದರೆ ಅದೊಂದನ್ನೇ ಒತ್ತಿದರೂ ಸಾಕು.