ಗುಳಿಗೆ ನಿಲ್ಲಿಸುವ ದಿನ ಯಾವುದು?

ಸೊರಬದವರಿಗೆ ವೈರಸ್ ಎಂಬ ಪದ ಹೊಸದಲ್ಲ. 1957ರಲ್ಲಿ ಆ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ, ಆ ಕಾಡಿನ ಹೆಸರನ್ನು ಜಗತ್ತಿನ ವೈದ್ಯಗ್ರಂಥಗಳಿಗೆ ಸೇರಿಸಿತು. ಆ ವೈರಸ್ ತೀವ್ರ ಜ್ವರವಾಗಿ ಬಂದು ತನ್ನ ಇರವನ್ನು ತಾನೇ ಸಾರುತ್ತದೆ. ಆದರೆ ದೇಹದಲ್ಲಿ ವರ್ಷಗಟ್ಟಲೆ ಅಡಗಿದ್ದು, ಕ್ಯಾನ್ಸರ್ ಗೆದ್ದವರ ಮೇಲೆರಗುವ ವೈರಸ್ ಇನ್ನೊಂದಿದೆ. ಅದು ಹೆಪಟೈಟಿಸ್-ಬಿ.

ಒಮ್ಮೆ ಈ ಸೋಂಕು ತಗುಲಿ ಗುಣವಾದವರಲ್ಲೂ ಅದರ ಬೀಜ ಯಕೃತ್ತಿನ ಜೀವಕೋಶಗಳಲ್ಲಿ ಉಳಿದುಬಿಡುತ್ತದೆ. ದೇಹದ ರೋಗನಿರೋಧಕ ಶಕ್ತಿಯೇ ಅದರ ಕಾವಲು. ಕಿಮೊಥೆರಪಿ ಆ ಕಾವಲನ್ನು ಸಡಿಲಗೊಳಿಸುತ್ತದೆ. ಲಿಂಫೋಮಾಕ್ಕೆ ನೀಡುವ ರಿಟುಕ್ಸಿಮ್ಯಾಬ್ ಅಂತೂ ಪ್ರತಿಕಾಯ ತಯಾರಿಸುವ ಕಣಗಳ ಮೂಲವನ್ನೇ ಅಳಿಸಿಹಾಕುತ್ತದೆ. ಆಗ ವೈರಸ್ ಎಚ್ಚರಗೊಂಡರೆ ಯಕೃತ್ತು ವಿಫಲವಾಗಿ ಸಾವೂ ಸಂಭವಿಸಬಹುದು. ಆದ್ದರಿಂದಲೇ ಚಿಕಿತ್ಸೆಗೆ ಮೊದಲು ರಕ್ತಪರೀಕ್ಷೆ ಮಾಡಿ, ಅಪಾಯವಿದ್ದವರಿಗೆ ಎಂಟೆಕಾವಿರ್ ಅಥವಾ ಟೆನೊಫೋವಿರ್ ಗುಳಿಗೆ ನೀಡಲಾಗುತ್ತದೆ.

ಅದನ್ನು ನಿಲ್ಲಿಸುವುದೆಂದು? ಕಿಮೊ ಮುಗಿದ ದಿನವಂತೂ ಅಲ್ಲ. ರಿಟುಕ್ಸಿಮ್ಯಾಬ್‌ನ ಪರಿಣಾಮ ತಿಂಗಳುಗಟ್ಟಲೆ ಉಳಿಯುವುದರಿಂದ, ಅದರ ಕೊನೆಯ ಡೋಸಿನ ನಂತರ ಕನಿಷ್ಠ 12 ತಿಂಗಳು ಗುಳಿಗೆ ಮುಂದುವರಿಯಬೇಕು. 18 ತಿಂಗಳು ಎನ್ನುವ ಮಾರ್ಗಸೂಚಿಗಳೂ ಇವೆ. ನಿಲ್ಲಿಸಿದ ಮೇಲೂ ಸುಮಾರು ಒಂದು ವರ್ಷ ರಕ್ತಪರೀಕ್ಷೆ ನಡೆಯುತ್ತಿರಬೇಕು. ದೀರ್ಘಕಾಲದ ಹೆಪಟೈಟಿಸ್-ಬಿ ಇರುವ ಕೆಲವರಿಗೆ ಗುಳಿಗೆ ಎಂದಿಗೂ ನಿಲ್ಲದಿರಬಹುದು. ಅಸ್ಥಿಮಜ್ಜೆ ಕಸಿಯ ನಂತರ ಸರ್ಪಸುತ್ತು ಬಾರದಂತೆ ಕೊಡುವ ಅಸೈಕ್ಲೋವಿರ್‌ನ ಲೆಕ್ಕವೇ ಬೇರೆ. ಪಕ್ಕದ ಮನೆಯವರು ನಿಲ್ಲಿಸಿದ ದಿನ ನಮಗೆ ಆದರ್ಶವಾಗಲಾರದು.

ತೊಡಕು ಇರುವುದು ದೂರದಲ್ಲಿ. ಶಿಕಾರಿಪುರ, ಸೊರಬದ ರೋಗಿ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆ ತಲುಪಲು ಮುನ್ನೂರು ಕಿಲೋಮೀಟರಿಗೂ ಹೆಚ್ಚು ಪಯಣಿಸಬೇಕು. ಚಿಕಿತ್ಸೆ ಮುಗಿದಂತೆ ಭೇಟಿಗಳ ಅಂತರ ಹಿಗ್ಗುತ್ತದೆ. ಗದ್ದೆಯ ನಾಟಿಯ ನಡುವೆ ಗುಳಿಗೆ ಮುಗಿದರೆ, ‘ಹೇಗೂ ಗುಣವಾಯಿತಲ್ಲ’ ಎಂಬ ಸಮಾಧಾನದಲ್ಲಿ ಮದ್ದು ನಿಂತುಹೋಗಬಹುದು. ಬಳಿಕ ಕಣ್ಣು ಹಳದಿಯಾದರೆ ಮಲೆನಾಡಿನಲ್ಲಿ ಕಾಮಾಲೆಗೆ ನಾಟಿ ಔಷಧಿ ಕೊಡುವವರಿಗೇನೂ ಕೊರತೆಯಿಲ್ಲ. ಅದಕ್ಕೂ ನಿಂತ ಗುಳಿಗೆಗೂ ನಂಟು ಕಲ್ಪಿಸುವವರು ಮಾತ್ರ ಸಿಗುವುದಿಲ್ಲ. ಇದಕ್ಕೆ ವಿರುದ್ಧವಾಗಿ, ನಿಲ್ಲಿಸೆಂದು ಯಾರೂ ಹೇಳದ ಕಾರಣ ವರ್ಷಾನುಗಟ್ಟಲೆ ನುಂಗುತ್ತಲೇ ಇರುವುದೂ ಸರಿಯಲ್ಲ. ಟೆನೊಫೋವಿರ್ ದೀರ್ಘಕಾಲದಲ್ಲಿ ಮೂತ್ರಪಿಂಡ ಮತ್ತು ಮೂಳೆಗೆ ಹಾನಿ ಮಾಡಬಲ್ಲದು.

ಪರಿಹಾರ ದುಬಾರಿಯದಲ್ಲ. ಬಿಡುಗಡೆ ಚೀಟಿಯಲ್ಲಿ ನಾಲ್ಕು ಸಾಲು ಕನ್ನಡ ಸಾಕು: ಈ ಗುಳಿಗೆ ಏಕೆ, ಯಾವ ದಿನಾಂಕಕ್ಕೆ ಮೊದಲು ನಿಲ್ಲಿಸಕೂಡದು, ಯಾವ ಪರೀಕ್ಷೆ ಯಾವಾಗ, ನಿಲ್ಲಿಸುವ ನಿರ್ಧಾರ ಯಾರದು. ಯಕೃತ್ತಿನ ಸಾಮಾನ್ಯ ರಕ್ತಪರೀಕ್ಷೆಗೆ ರಾಜಧಾನಿಗೆ ಹೋಗಬೇಕಾದುದಿಲ್ಲ. ಫಲಿತಾಂಶವನ್ನು ತಜ್ಞರಿಗೆ ಫೋನಿನಲ್ಲೇ ಕಳುಹಿಸಬಹುದು. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಗೊತ್ತುಪಡಿಸಿದ ಸರ್ಕಾರಿ ಕೇಂದ್ರಗಳಲ್ಲಿ ಪರೀಕ್ಷೆ ಮತ್ತು ಔಷಧಿ ಉಚಿತ. ಕ್ಯಾನ್ಸರ್ ಆಸ್ಪತ್ರೆ ಮತ್ತು ತಾಲ್ಲೂಕು ವೈದ್ಯರ ನಡುವೆ ಒಂದು ಕಾಗದದ ಸಂಪರ್ಕವಾದರೂ ಏರ್ಪಡಬೇಕಿದೆ.

ಅಲ್ಲಿಯವರೆಗೆ ರೋಗಿಯ ಮನೆಯವರು ಮುಂದಿನ ಭೇಟಿಯಲ್ಲಿ ತಾವೇ ಕೇಳಲಿ: ‘ಈ ಗುಳಿಗೆ ಎಲ್ಲಿಯವರೆಗೆ?’ ಉತ್ತರವನ್ನು ಬರೆಸಿಕೊಳ್ಳದೆ ಊರಿನ ಬಸ್ಸು ಹತ್ತದಿರಲಿ.