ಲಿಲ್ಲಿ ಗೆಡ್ಡೆಗೆ ಚಳಿಯಲ್ಲ, ನೀರೇ ಶತ್ರು

ಬೀದರ್ ಜಿಲ್ಲೆಯ ಬಸವಕಲ್ಯಾಣ, ಹುಮನಾಬಾದ್ ಪಟ್ಟಣಗಳ ಕೈತೋಟಗಳಲ್ಲಿ ಬೇಸಿಗೆಗೆ ಅರಳಬೇಕಾದ ಲಿಲ್ಲಿ ಕೆಲವೊಮ್ಮೆ ಮೊಳಕೆಯನ್ನೇ ಒಡೆಯುವುದಿಲ್ಲ. ಅಗೆದು ನೋಡಿದರೆ ಗೆಡ್ಡೆಯಿದ್ದ ಜಾಗದಲ್ಲಿ ದುರ್ವಾಸನೆಯ ಕಂದು ಲೋಳೆ ಮಾತ್ರ ಕಾಣುತ್ತದೆ. ಈ ಭಾಗದ ಚಳಿ ಕಟುವಾದದ್ದು ನಿಜ. ಆದರೆ ಗೆಡ್ಡೆಯನ್ನು ಕೊಲ್ಲುವುದು ಬಹುತೇಕ ಚಳಿಯಲ್ಲ, ಮಣ್ಣಿನಲ್ಲಿ ಉಳಿದ ನೀರು.

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮುಂಗಾರು ಇಲ್ಲಿನ ಪ್ರಧಾನ ಮಳೆಗಾಲ. ಚಳಿಗಾಲ ಸಾಮಾನ್ಯವಾಗಿ ಒಣಹವೆಯದು. ಹಾಗಿದ್ದರೂ ತೇವ ಉಳಿಯುವುದಕ್ಕೆ ಎರಡು ಕಾರಣಗಳಿವೆ. ಒಂದು, ಹೋಗುವ ಮುನ್ನ ಸುರಿಯುವ ಮಳೆ. 2020ರ ಅಕ್ಟೋಬರ್ ಮಧ್ಯಭಾಗದಲ್ಲಿ ವಾಯುಭಾರ ಕುಸಿತದಿಂದ ಸುರಿದ ಮಳೆಗೆ ಕಲ್ಯಾಣ ಕರ್ನಾಟಕದ ಹೊಲಗಳು ಜಲಾವೃತಗೊಂಡಿದ್ದವು. ಇನ್ನೊಂದು, ಮನೆಯವರ ಅಕ್ಕರೆ: ಎಲೆ ಒಣಗಿದ ಕುಂಡಕ್ಕೂ ನಿತ್ಯ ಒಂದು ಚೊಂಬು ನೀರು!

ಹಸಿರೆಲೆ ಇರುವಾಗ ಗಿಡ ನೀರನ್ನು ಹೀರಿ ಆವಿಯಾಗಿಸುತ್ತದೆ. ಎಲೆ ಒಣಗಿ ಗೆಡ್ಡೆ ವಿಶ್ರಾಂತಿಗೆ ಸರಿದ ಮೇಲೆ ಆ ಕೆಲಸ ನಿಲ್ಲುತ್ತದೆ. ಮಣ್ಣಿನ ರಂಧ್ರಗಳಲ್ಲಿ ಗಾಳಿಯ ಬದಲು ನೀರು ನಿಂತು, ಬೇರು ಉಸಿರಾಡಲಾಗದೆ ಸಾಯುತ್ತದೆ. ಬೇರು ಹೊರಡುವ ತಳಭಾಗದಿಂದಲೇ ಶಿಲೀಂಧ್ರ, ಬ್ಯಾಕ್ಟೀರಿಯಾಗಳು ಒಳನುಗ್ಗುತ್ತವೆ. ಜಿಲ್ಲೆಯ ರೈತರಿಗೆ ಶುಂಠಿಯ ಗೆಡ್ಡೆ ಕೊಳೆ ರೋಗ ಅಪರಿಚಿತವಲ್ಲ. ನೀರು ನಿಂತರೆ ಅದೂ ಹೀಗೆಯೇ ಉಲ್ಬಣಿಸುತ್ತದೆ.

ಮಣ್ಣಿನ ಪಾತ್ರವೂ ದೊಡ್ಡದು. ಈ ಭಾಗದಲ್ಲಿ ಜಂಬಿಟ್ಟಿಗೆಯ ಕೆಂಪು ಮಣ್ಣೂ ಇದೆ, ಎರೆ ಮಣ್ಣೂ ಇದೆ. ಕೆಂಪು ಮಣ್ಣಿನಲ್ಲಿ ನೀರು ಬೇಗ ಬಸಿಯುತ್ತದೆ. ಎರೆ ಮಣ್ಣು ನೀರು ಕುಡಿದು ಉಬ್ಬಿ, ತೇವವನ್ನು ವಾರಗಟ್ಟಲೆ ಹಿಡಿದಿಡುತ್ತದೆ. ಅಂತಹ ಅಂಗಳದಲ್ಲಿ ಗುಂಡಿ ತೋಡಿ ಮರಳು ತುಂಬಿದರೆ ಸುತ್ತಲಿನ ನೀರೆಲ್ಲ ಅಲ್ಲಿಗೇ ಬಂದು ನಿಲ್ಲುತ್ತದೆ. ಇದಕ್ಕಿಂತ ಒಂದು ಗೇಣು ಎತ್ತರದ ಏರುಮಡಿಯೇ ಲೇಸು. ಮಣ್ಣಿಗೆ ದಪ್ಪ ಮರಳು ಅಥವಾ ಗರಸು, ಚೆನ್ನಾಗಿ ಕಳಿತ ಗೊಬ್ಬರ ಬೆರೆಸಬೇಕು. ಅಮರಿಲ್ಲಿಸ್ ಎಂದು ಮಾರಾಟವಾಗುವ ದೊಡ್ಡ ಹೂವಿನ ಲಿಲ್ಲಿಯ ಗೆಡ್ಡೆಯ ಕುತ್ತಿಗೆ ಮಣ್ಣಿನ ಮೇಲೆ ಕಾಣುವಂತಿರಬೇಕು.

ಕುಂಡದ ತಳಕ್ಕೆ ಹೆಂಚಿನ ಚೂರುಗಳ ಪದರ ಹಾಕುವ ರೂಢಿಯಿದೆ. ಅದರಿಂದ ನೀರು ಬೇಗ ಬಸಿಯುತ್ತದೆಂಬುದು ತಪ್ಪು ತಿಳಿವಳಿಕೆ. ಹಸಿ ಮಣ್ಣಿನ ಪದರ ಗೆಡ್ಡೆಯ ಹತ್ತಿರಕ್ಕೆ ಏರುತ್ತದೆ, ಅಷ್ಟೇ. ರಂಧ್ರ ಮುಚ್ಚದಂತೆ ಒಂದು ಚೂರು ಸಾಕು. ಕುಂಡದಡಿಯ ತಟ್ಟೆಯನ್ನು ಮಾತ್ರ ತಪ್ಪದೇ ತೆಗೆಯಬೇಕು.

ಎಲ್ಲ ಲಿಲ್ಲಿಗಳಿಗೂ ಒಂದೇ ನಿಯಮವಿಲ್ಲ. ಮೇ ತಿಂಗಳಲ್ಲಿ ಚೆಂಡಿನಂತೆ ಅರಳುವ ಫೈರ್‌ಬಾಲ್ ಲಿಲ್ಲಿಗೆ ಚಳಿಗಾಲದ ಒಣ ವಿಶ್ರಾಂತಿ ಅಗತ್ಯ. ಸದಾ ಹಸಿರಾಗಿರುವ ಸ್ಪೈಡರ್ ಲಿಲ್ಲಿ ಜೌಗನ್ನೂ ಸಹಿಸುತ್ತದೆ. ಹೂಗುಚ್ಛಗಳಲ್ಲಿ ಕಾಣುವ ಲಿಲಿಯಂನ ಗೆಡ್ಡೆಗೆ ಹೊರಸಿಪ್ಪೆಯ ರಕ್ಷಣೆಯಿಲ್ಲ. ಹೆಚ್ಚು ತೇವದಲ್ಲಿ ಕೊಳೆಯುವ ಅದು ಪೂರ್ತಿ ಒಣಗಿಸಿದರೂ ಬದುಕದು. ಮಣ್ಣು ತುಸು ತಂಪಾಗಿದ್ದರೆ ಸಾಕು.

ಸಂಶಯವಿದ್ದರೆ ಗೆಡ್ಡೆಯ ತಳವನ್ನು ಒತ್ತಿ ನೋಡಬಹುದು. ಗಟ್ಟಿಯಿದ್ದರೆ ಭಯವಿಲ್ಲ. ಮೆತ್ತಗಿದ್ದರೆ ಕಿತ್ತು, ಕೊಳೆತ ಭಾಗವನ್ನು ಶುಭ್ರ ಚಾಕುವಿನಿಂದ ಕತ್ತರಿಸಿ, ಗಾಯ ಆರುವವರೆಗೆ ನೆರಳಿನಲ್ಲಿಟ್ಟು ಹೊಸ ಮಣ್ಣಿನಲ್ಲಿ ನೆಡಬೇಕು. ತಳವೇ ಪೂರ್ತಿ ಕೊಳೆತಿದ್ದರೆ ಉಳಿಸುವ ಪ್ರಯತ್ನ ವ್ಯರ್ಥ. ವಿಶ್ರಾಂತಿಯಲ್ಲಿದ್ದ ಗೆಡ್ಡೆಯಿಂದ ಮೊಗ್ಗು ಅಥವಾ ಎಲೆಯ ತುದಿ ಇಣುಕಿದ ಬಳಿಕವಷ್ಟೇ ನೀರನ್ನು ಮತ್ತೆ ಆರಂಭಿಸಬೇಕು, ಅದೂ ಮೊದಮೊದಲು ಸ್ವಲ್ಪವೇ.